ಬೆಳಗಿನ ಜಾವ ನಾಲ್ಕಕ್ಕೆ ನೀವು ದಡ್ಡರಾಗಿರುತ್ತೀರಿ: ರಾತ್ರಿಯಿಡೀ ಕುಣಿಯಲು ಹೊರಟವರಿಗೆ

ನನ್ನ ಎಡಗಿವಿಯಲ್ಲಿ ಒಂದು ಸಣ್ಣ ಕೀರಲು ಸದ್ದು ಇದೆ. ಹದಿನೈದು ವರ್ಷದಿಂದ ಇದೆ. ಹಳೇ ಡಬ್ಬಾ ಟಿವಿ ಆನ್ ಮಾಡಿದಾಗ ಸಣ್ಣಗೆ ಕೇಳಿಸುತ್ತಿತ್ತಲ್ಲ, ಅಂಥದ್ದು. ಹಗಲು ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿ ದಿಂಬಿಗೆ ತಲೆ ಕೊಟ್ಟರೆ ಬಂದು ಪಕ್ಕದಲ್ಲೇ ಕೂರುತ್ತದೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಒಂದು ಪಾರ್ಟಿಯಲ್ಲಿ ನನಗಿಂತ ಎತ್ತರದ ಸ್ಪೀಕರ್ ಪಕ್ಕ ನಿಂತು ಮೂರು ಗಂಟೆ ಕುಣಿದದ್ದರ ಸಂಪಾದನೆ ಅದು. ಆ ಹೊತ್ತಿಗೆ ಸ್ವರ್ಗ. ಬಾಸ್, ಅಂದರೆ ಸಂಗೀತದ ತಗ್ಗು ದನಿ, ನೇರ ಎದೆಗೂಡಿನೊಳಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಎರಡೂ ಕಿವಿ ಗುಂಯ್ ಅನ್ನುತ್ತಿದ್ದವು. ಬಲಗಿವಿ ಎರಡು ದಿನಕ್ಕೆ ಸರಿಹೋಯಿತು. ಎಡಗಿವಿ ಸರಿಹೋಗಲಿಲ್ಲ.

ಮೊನ್ನೆ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಮೊದಲ ಸಲ ಡಾನ್ಸ್ ಪಾರ್ಟಿಗೆ ಹೋಗ್ತಿದೀನಿ, ಇಡೀ ರಾತ್ರಿ. ಏನು ಹಾಕ್ಕೊಳ್ಲಿ?" ಬಟ್ಟೆ ಬಗ್ಗೆ ಎರಡು ನಿಮಿಷ ಮಾತಾಡಿದೆ. ಉಳಿದದ್ದರ ಬಗ್ಗೆ ಒಂದೂವರೆ ಗಂಟೆ. ಕೊನೆಗೆ ಅವಳೇ, "ಇದನ್ನೆಲ್ಲ ಬರೆದು ಕಳ್ಸಕ್ಕಾ, ನಂಗೆ ನೆನಪಿರಲ್ಲ" ಅಂದಳು. ಅದಕ್ಕೇ ಬರೆಯಲು ಕೂತಿದ್ದೇನೆ.

ಅವಳಿಗೆ ಹೇಳಿದ್ದು ಮುಖ್ಯವಾಗಿ ಒಂದೇ ಮಾತು. ರಾತ್ರಿ ಹತ್ತಕ್ಕೆ ಒಳಗೆ ಹೋಗುವ ನೀನು ಬೇರೆ, ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿರುವ ನೀನು ಬೇರೆ. ಹತ್ತು ಗಂಟೆಯವಳು ಜಾಣೆ. ನಾಲ್ಕು ಗಂಟೆಯವಳ ಕಾಲು ಸೋತಿದೆ, ಬಾಯಿ ಒಣಗಿದೆ, ಫೋನ್ ಸತ್ತಿದೆ, ಗೆಳತಿ ಎಲ್ಲೋ ಗೊತ್ತಿಲ್ಲ. ಆದರೂ "ಇನ್ನೊಂದೇ ಟ್ರ್ಯಾಕ್" ಅನ್ನುತ್ತಿರುತ್ತಾಳೆ. ಇದು ಬರೀ ತಮಾಷೆಯ ಮಾತಲ್ಲ. ಇಡೀ ದಿನದಲ್ಲಿ ಮೈಯ ಬಿಸಿ ಅತಿ ಕೆಳಕ್ಕೆ ಇಳಿಯುವುದು ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ. ಕಣ್ಣು ಎಳೆಯುವುದೂ ಆಗಲೇ ಜಾಸ್ತಿ. ಸತತ 17 ಗಂಟೆ ಎದ್ದಿದ್ದವರ ಕೈಕಣ್ಣು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರಷ್ಟೇ ಮಂಕಾಗಿರುತ್ತದೆ. 24 ಗಂಟೆ ಎದ್ದಿದ್ದರೆ ಶೇಕಡಾ 0.10 ಇರುವವರಷ್ಟು. ಒಂದು ಹನಿ ಕುಡಿಯದಿದ್ದರೂ ಅಷ್ಟೇ. ಹಾಗಾಗಿ ನಾಲ್ಕು ಗಂಟೆಯವಳಿಗೆ ಯಾವ ತೀರ್ಮಾನವನ್ನೂ ಉಳಿಸಬೇಡಿ. ಅವಳ ಪರವಾಗಿ ಎಲ್ಲವನ್ನೂ ಹಗಲಲ್ಲೇ ತೀರ್ಮಾನಿಸಿಬಿಡಿ.

ಹೊರಡುವ ಮುಂಚೆ

ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ನಿದ್ದೆ ಬರದಿದ್ದರೆ ಪರದೆ ಎಳೆದು ಕಣ್ಣು ಮುಚ್ಚಿಕೊಂಡಾದರೂ ಬಿದ್ದಿರಿ. "ಹೇಗೂ ರಾತ್ರಿ ಉತ್ಸಾಹ ಇರುತ್ತೆ" ಅಂದುಕೊಂಡು ಇದನ್ನು ಬಿಟ್ಟವರೇ ಎರಡು ಗಂಟೆಗೆ ಗೋಡೆಗೆ ಒರಗಿ ತೂಕಡಿಸುತ್ತಿರುತ್ತಾರೆ. ಹೊರಡುವ ಎರಡು ಮೂರು ಗಂಟೆ ಮೊದಲು ಸರಿಯಾಗಿ ಊಟ ಮಾಡಿ. ಹೊಟ್ಟೆ ಬಿರಿಯುವಷ್ಟು ಬೇಡ, ಆದರೆ ಊಟ ಅನ್ನುವಂಥ ಊಟವಾಗಿರಲಿ. ಖಾಲಿ ಹೊಟ್ಟೆಯಲ್ಲಿ ಎಂಟು ಗಂಟೆ ಕುಣಿಯುವುದು ಆಗದ ಕೆಲಸ.

ಶೂ ಹಳೆಯದಿರಲಿ. ಇದನ್ನು ಮಾತ್ರ ಬೇಡಿಕೊಂಡು ಹೇಳುತ್ತೇನೆ. ಒಂದು ಸಲ ಹೊಚ್ಚ ಹೊಸ ಬೂಟು ಹಾಕಿಕೊಂಡು ಹೋಗಿದ್ದೆ, ಬೆಳ್ಳಿ ಬಣ್ಣದ್ದು. ಹನ್ನೆರಡರೊಳಗೆ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು, ಒಂದಕ್ಕೆ ಒಡೆದಿತ್ತು, ಎರಡಕ್ಕೆ ಬೂಟು ಕೈಯಲ್ಲಿತ್ತು. ಎರಡೂವರೆಗೆ ಬರಿಗಾಲಿಗೆ ಗಾಜಿನ ಚೂರು. ಫಸ್ಟ್ ಏಡ್ ಟೆಂಟಿನಲ್ಲಿ ಟಾರ್ಚ್ ಹಿಡಿದು ಚಿಮಟಿಯಿಂದ ಅದನ್ನು ತೆಗೆದ ಹುಡುಗ, "ಈ ರಾತ್ರಿ ನೀವು ನಾಲ್ಕನೆಯವರು" ಅಂದ. ಕನಿಷ್ಠ ಒಂದು ತಿಂಗಳು ಹಾಕಿ ಓಡಾಡಿದ ಶೂ, ಬೆರಳು ಮುಚ್ಚಿರಬೇಕು, ದಪ್ಪ ಕಾಲುಚೀಲ. ಇನ್ನೊಂದು ಜೊತೆ ಕಾಲುಚೀಲ ಬ್ಯಾಗಿನಲ್ಲಿರಲಿ. ಮೂರು ಗಂಟೆಗೆ ಬೆವರಿದ ಕಾಲುಚೀಲ ಬಿಚ್ಚಿ ಒಣಗಿದ್ದು ಹಾಕಿಕೊಳ್ಳುವ ಸುಖ ಇದೆಯಲ್ಲ, ಅದನ್ನು ಅನುಭವಿಸಿಯೇ ನೋಡಬೇಕು.

ಬಟ್ಟೆ ನಿಮ್ಮಿಷ್ಟ. ಹೊಳೆಯಲಿ, ಮಿನುಗಲಿ. ಆದರೆ ಬೆವರು ಹೀರುವಂತಿರಲಿ, ಮೇಲೆ ಹಾಕಲು ತೆಳುವಾದ ಜಾಕೆಟ್ ಇರಲಿ. ಮೈಯೆಲ್ಲ ಒದ್ದೆಯಾಗಿ ನಾಲ್ಕಕ್ಕೆ ಹೊರಗೆ ಬಂದರೆ ಹಲ್ಲು ಕಟಕಟ ಅನ್ನುತ್ತದೆ.

ಬ್ಯಾಗ್ ಅಂದರೆ ಸೊಂಟಕ್ಕೆ ಕಟ್ಟುವ ಚಿಕ್ಕದು, ಜಿಪ್ ಇರುವುದು, ಹೊಟ್ಟೆಯ ಕಡೆಗೆ. ನನ್ನದರಲ್ಲಿ ಇರುವುದು ಇಷ್ಟು: ಎರಡು ಜೊತೆ ಇಯರ್‌ಪ್ಲಗ್ (ಒಂದು ನನಗೆ, ಒಂದು ಮರೆತು ಬಂದವರಿಗೆ), ನಾಲ್ಕು ಬ್ಯಾಂಡೇಡ್, ಒಂದು ಪೊಟ್ಟಣ ಓಆರ್‌ಎಸ್, ಟಿಶ್ಯೂ, ಒಂದೆರಡು ಸ್ಯಾನಿಟರಿ ಪ್ಯಾಡ್, ಪುಟ್ಟ ಪವರ್ ಬ್ಯಾಂಕ್, ಗುರುತಿನ ಚೀಟಿ, ಸ್ವಲ್ಪ ನಗದು. ಜೊತೆಗೆ ಮಡಚಿದ ಒಂದು ಕಾಗದದ ಚೂರು. ಅದರಲ್ಲಿ ಇಬ್ಬರ ಫೋನ್ ನಂಬರ್, ಮನೆ ವಿಳಾಸ. ಫೋನ್ ಕಳೆದಾಗ ಅಮ್ಮನ ನಂಬರ್ ಬಿಟ್ಟು ಬೇರೆ ಯಾವುದೂ ಬಾಯಿಗೆ ಬರುವುದಿಲ್ಲ, ಆ ಹೊತ್ತಲ್ಲಿ ಅಮ್ಮನಿಗೆ ಫೋನ್ ಮಾಡಲು ಯಾರಿಗೆ ಧೈರ್ಯ? ದಿನಾ ನುಂಗುವ ಮಾತ್ರೆ, ಇನ್‌ಹೇಲರ್ ಇದ್ದರೆ ಅದೂ ಬರಲಿ. ಅಲರ್ಜಿ, ಸಕ್ಕರೆ ಕಾಯಿಲೆ, ಮೂರ್ಛೆ ರೋಗ ಏನಾದರೂ ಇದ್ದರೆ ಫೋನಿನ ಲಾಕ್ ಸ್ಕ್ರೀನಿನಲ್ಲೇ ಕಾಣುವಂತೆ ಬರೆದಿಡಿ.

ಇನ್ನು ಎಲ್ಲಕ್ಕಿಂತ ದೊಡ್ಡ ತೀರ್ಮಾನ, ವಾಪಸ್ ಹೇಗೆ? ಗಾಡಿ ತಗೊಂಡು ಹೋಗಲೇಬೇಡಿ. "ನಾನು ಕುಡಿಯಲ್ಲ, ನಾನೇ ಓಡಿಸ್ತೀನಿ" ಅನ್ನುವ ಸಜ್ಜನರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮೇಲೆ ಹೇಳಿದ 24 ಗಂಟೆಯ ಲೆಕ್ಕ ಅವರಿಗೇ. ಸ್ಟೀರಿಂಗ್ ಹಿಡಿದು ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಸಾಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ಮೂರು ಸೆಕೆಂಡಿಗೆ 66 ಮೀಟರ್ ಕುರುಡಾಗಿ ಹೋಗಿರುತ್ತೀರಿ. ಮೊದಲ ಬಸ್ಸು, ರೈಲು ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಇಲ್ಲ, ರಾತ್ರಿ ನಿದ್ದೆ ಮಾಡಿ ಎದ್ದ ಯಾರಾದರೂ ಬೆಳಿಗ್ಗೆ ಬಂದು ಕರೆದುಕೊಂಡು ಹೋಗಲಿ.

ಒಳಗೆ ಹೋದ ಮೊದಲ ಹತ್ತು ನಿಮಿಷ

ನೇರ ಕುಣಿಯುವ ಜಾಗಕ್ಕೆ ಓಡಬೇಡಿ. ಒಂದು ಸುತ್ತು ಹಾಕಿ. ಟಾಯ್ಲೆಟ್ ಎಲ್ಲಿ, ನೀರು ಎಲ್ಲಿ, ಫಸ್ಟ್ ಏಡ್ ಎಲ್ಲಿ, ಹೊರಗೆ ಹೋಗುವ ಬಾಗಿಲು ಎಷ್ಟು. ನಾವು ಬಂದ ಬಾಗಿಲನ್ನು ಬಿಟ್ಟು ಇನ್ನೆರಡು ದಾರಿ ಕಣ್ಣಾರೆ ಕಾಣುವ ತನಕ ನಾನು ನಿಲ್ಲುವುದಿಲ್ಲ. ಗೆಳತಿಯರು ನಗುತ್ತಾರೆ, ನಗಲಿ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಪಟಾಕಿಯಿಂದ ಗೋಡೆಯ ಫೋಮಿಗೆ ಬೆಂಕಿ ಹತ್ತಿತು. ಬೇರೆ ಬಾಗಿಲುಗಳಿದ್ದರೂ ಹೆಚ್ಚಿನವರು ತಾವು ಬಂದ ಮುಂಬಾಗಿಲಿಗೇ ನುಗ್ಗಿದರು. ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಮುಚ್ಚಿಹೋಯಿತು. 100 ಜನ ಸತ್ತರು. ಹತ್ತು ವರ್ಷ ಕಳೆದು, 2013ರ ಜನವರಿಯಲ್ಲಿ, ಬ್ರೆಜಿಲ್‌ನ ಸಾಂತಾ ಮಾರಿಯಾ ಊರಿನ ಕಿಸ್ ನೈಟ್‌ಕ್ಲಬ್‌ನಲ್ಲಿ ಅದೇ ಕಥೆ, ಅದೇ ಪಟಾಕಿ, ಅದೇ ಫೋಮು. ಅಲ್ಲಿ 242 ಜನ. ಹೊಗೆಯಲ್ಲಿ ಟಾಯ್ಲೆಟ್ ಬಾಗಿಲನ್ನೇ ಹೊರಗಿನ ಬಾಗಿಲು ಅಂದುಕೊಂಡು ಒಳಗೆ ಸಿಕ್ಕಿಹಾಕಿಕೊಂಡವರು ಎಷ್ಟೋ ಮಂದಿ. ಬೆಂಕಿ ಹತ್ತಿದ ಮೇಲೆ ಬಾವಿ ತೋಡಬಾರದು ಅಂತಾರಲ್ಲ, ಬಾಗಿಲು ಹುಡುಕುವುದೂ ಹಾಗೆಯೇ. ಬಾಗಿಲಿಗೆ ಬೀಗ ಹಾಕಿದ್ದರೆ, ಕುರ್ಚಿ ಸಾಮಾನು ಅಡ್ಡ ಇಟ್ಟಿದ್ದರೆ, ಆ ಜಾಗದಲ್ಲಿ ಇರಬೇಡಿ. ಟಿಕೆಟ್ ದುಡ್ಡು ಹೋದರೆ ಹೋಯಿತು.

ಆಮೇಲೆ ಸೇರುವ ಜಾಗ. "ಸ್ಟೇಜ್ ಹತ್ತಿರ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. "ನೀರಿನ ನಲ್ಲಿಯ ಎಡಕ್ಕಿರುವ ಕಂಬ, ಪ್ರತಿ ಎರಡು ಗಂಟೆಗೊಮ್ಮೆ, ಗಂಟೆ ಸರಿಯಾಗಿ" ಅನ್ನಿ. ಸಾವಿರಾರು ಜನ ಸೇರಿದ ಕಡೆ ಸಿಗ್ನಲ್ ಇದ್ದರೂ ಮೆಸೇಜ್ ಹೋಗುವುದಿಲ್ಲ. ಮೂರು ಗಂಟೆಗೆ ಕಳಿಸಿದ "ಎಲ್ಲಿದೀಯ" ಐದು ಗಂಟೆಗೆ ತಲುಪುತ್ತದೆ. ನಾವು ನಾಲ್ವರು ಇಬ್ಬಿಬ್ಬರ ಜೋಡಿ ಮಾಡಿಕೊಳ್ಳುತ್ತೇವೆ. ಯಾರು ಎಲ್ಲಿ ಬೇಕಾದರೂ ಅಲೆಯಬಹುದು, ಆದರೆ ಜೋಡಿಯವಳಿಗೆ ಹೇಳದೆ ಗೇಟ್ ದಾಟುವ ಹಾಗಿಲ್ಲ. ಹೊಸದಾಗಿ ಸಿಕ್ಕವರು ಎಷ್ಟೇ ಚಂದ ಇರಲಿ.

ಕಿವಿ

ಇದನ್ನು ಉದ್ದವಾಗಿಯೇ ಬರೆಯುತ್ತೇನೆ, ಕ್ಷಮಿಸಿ.

ಶಬ್ದದ ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಇರಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ನೃತ್ಯದ ಪಾರ್ಟಿಯಲ್ಲಿ ಸ್ಪೀಕರ್ ಹತ್ತಿರ 100 ದಾಟುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆಂದೇ ಒಂದು ಮಾನದಂಡ ಹೊರಡಿಸಿತು. 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು, ಬಂದವರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ಬಿಡುವು ಕೊಡಲು ಸದ್ದಿಲ್ಲದ ಜಾಗ ಇರಬೇಕು ಅಂತ. ಮಿತಿ ಪಾಲಿಸುವ ಜಾಗದಲ್ಲೂ ಇಡೀ ರಾತ್ರಿ ಬರಿಗಿವಿಯಲ್ಲಿ ಕುಣಿದರೆ ಲೆಕ್ಕ ಎಲ್ಲಿಗೆ ಹೋಯಿತು ನೋಡಿ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ತಲೆಗೂದಲಾದರೂ ಉದುರಿದರೆ ಬೆಳೆದೀತು, ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಫೋಮ್ ಇಯರ್‌ಪ್ಲಗ್ ಅಗ್ಗ, ಕೆಲಸ ಮಾಡುತ್ತದೆ. ಆದರೆ ಮೇಲಿನ ಸ್ವರಗಳನ್ನು ಜಾಸ್ತಿ ನುಂಗುವುದರಿಂದ ಸಂಗೀತ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಸಂಗೀತಗಾರರು ಹಾಕುವ ಫಿಲ್ಟರ್ ಇರುವ ಪ್ಲಗ್ ಬೇರೆ ಥರ. ಅದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ. ಯಾರೋ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ತಿರುಗಿಸಿದ ಹಾಗಿರುತ್ತದೆ, ಅಷ್ಟೇ. ಮಜಾ ಏನೆಂದರೆ ಅದನ್ನು ಹಾಕಿಕೊಂಡ ಮೇಲೆ ನನಗೆ ಸಂಗೀತ ಇನ್ನೂ ಬಿಡಿಬಿಡಿಯಾಗಿ ಕೇಳತೊಡಗಿತು. ಬರಿಗಿವಿಯಲ್ಲಿ ಎಲ್ಲ ಕಲಸುಮೇಲೋಗರ ಆಗಿರುತ್ತಿತ್ತು.

ಫೋಮಿನದು ಹಾಕಲು ಒಂದು ಕ್ರಮ ಇದೆ. ಸುಮ್ನೆ ತುರುಕಿದರೆ ಅದು ಕಿವಿಯ ಒಡವೆ ಅಷ್ಟೇ. ಬೆರಳಲ್ಲಿ ತೆಳ್ಳಗೆ ಬತ್ತಿಯ ಹಾಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಬತ್ತಿಯನ್ನು ಒಳಗೆ ಬಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ನಿಮ್ಮ ಮಾತು ನಿಮಗೇ ಹಂಡೆಯೊಳಗಿಂದ ಬಂದ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಹಾಕಿಕೊಳ್ಳುವುದು ಗೇಟಿನ ಹೊರಗೇ ಆಗಬೇಕು. ಒಳಗೆ ಹೋದ ಮೇಲೆ "ಆಮೇಲೆ ಹಾಕ್ಕೊಂಡರಾಯ್ತು" ಅನ್ನಿಸುತ್ತದೆ, ಆ ಆಮೇಲೆ ಬರುವುದೇ ಇಲ್ಲ. ಮತ್ತೆ ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ, ಸದ್ದಿಲ್ಲದ ಕಡೆ.

ಕುಣಿತ

ಈಗ ಖುಷಿಯ ವಿಷಯ. ಬೇಗ ಹೋಗಿ. ಎಲ್ಲರೂ ಹನ್ನೆರಡರ ಮೇಲೆ ಬರುತ್ತಾರೆ, ದೊಡ್ಡ ಹೆಸರಿನ ಡಿಜೆಗಾಗಿ. ನನಗೆ ಇಷ್ಟವಾಗುವುದು ಮೊದಲ ಎರಡು ಗಂಟೆ. ನೆಲ ಅರ್ಧ ಖಾಲಿ, ಕೈಕಾಲು ಬೀಸಲು ಜಾಗ. ಆಗ ನುಡಿಸುವ ಡಿಜೆಗೆ ಯಾರನ್ನೂ ಮೆಚ್ಚಿಸುವ ಆತುರ ಇರುವುದಿಲ್ಲ. ನಿಧಾನಕ್ಕೆ ಕಾವು ಏರಿಸುತ್ತಾ ಹೋಗುತ್ತಾರೆ. ಒಳ್ಳೆಯ ವಾರ್ಮ್‌-ಅಪ್ ನುಡಿಸುವುದು ಕಷ್ಟದ ವಿದ್ಯೆ.

ಎಲ್ಲಿ ನಿಲ್ಲಬೇಕು? ಸೌಂಡ್ ಎಂಜಿನಿಯರ್ ಕೂತ ಕಟ್ಟೆ ಹುಡುಕಿ. ಸಾಮಾನ್ಯವಾಗಿ ಅದು ಎರಡು ಕಡೆಯ ಸ್ಪೀಕರ್‌ಗಳ ನಡುವೆ, ಸ್ವಲ್ಪ ಹಿಂದಕ್ಕೆ ಇರುತ್ತದೆ. ಅವರು ಸದ್ದನ್ನು ಹದ ಮಾಡುವುದು ತಮ್ಮ ಕಿವಿಗೆ ಕೇಳಿದಂತೆ. ಹಾಗಾಗಿ ಅವರ ಮುಂದೆ ನಿಂತವರಿಗೆ ಒಳ್ಳೆಯ ಸದ್ದು, ಉಸಿರಾಡಲು ಗಾಳಿ ಎರಡೂ ಸಿಗುತ್ತವೆ. ಸ್ಪೀಕರ್ ಮುಂದಿನ ಜಾಗ ಇಪ್ಪತ್ತಮೂರರ ವಯಸ್ಸಿನ ದಡ್ಡರಿಗೆ.

ಕುಣಿಯಲು ಬರಲ್ಲ ಅನ್ನುವವರಿಗೆ ಒಂದು ಗುಟ್ಟು. ಅಲ್ಲಿ ಯಾರಿಗೂ ಬರುವುದಿಲ್ಲ. ಷಿಕಾಗೋದಲ್ಲಿ 1977ರಲ್ಲಿ ವೇರ್‌ಹೌಸ್ ಅನ್ನುವ ಕ್ಲಬ್ ಶುರುವಾಯಿತು, ಫ್ರ್ಯಾಂಕಿ ನಕಲ್ಸ್ ಅಲ್ಲಿ ಡಿಜೆ. ಹೌಸ್ ಅನ್ನುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತಕ್ಕೆ ಆ ಹೆಸರು ಬಂದದ್ದೇ ಆ ಕ್ಲಬ್ಬಿನಿಂದ ಅನ್ನುತ್ತಾರೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡ ಕಪ್ಪು ಜನ, ಸಲಿಂಗಿಗಳು. ಅವರಿಗೆ ಬೇಕಾಗಿದ್ದದ್ದು ಯಾರೂ ಗುರಾಯಿಸದ ಒಂದು ಜಾಗ. ಹಾಗಾಗಿ ಹೆಜ್ಜೆ ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಈ ಸಂಗೀತದಲ್ಲಿ ಮೊದಲಿನಿಂದಲೂ ಇಲ್ಲ. ಮಂಡಿ ಸಡಿಲ ಬಿಡಿ, ಹಿಮ್ಮಡಿ ನೆಲಕ್ಕೆ ತಾಗಲಿ, ಭುಜ ಕೆಳಗಿರಲಿ. ಅಷ್ಟು ಸಾಕು.

ವೇಗದ ಲೆಕ್ಕ ಗೊತ್ತಿದ್ದರೆ ಕಾಲು ಉಳಿಯುತ್ತದೆ. ಹೌಸ್ ನಿಮಿಷಕ್ಕೆ 120ರಿಂದ 130 ಬೀಟ್. ಟೆಕ್ನೋ ಅನ್ನುವ ಇನ್ನೊಂದು ಬಗೆ ಸಾಮಾನ್ಯವಾಗಿ ಅದಕ್ಕಿಂತ ಮೇಲೆ. ಮತ್ತೊಂದು ಬಗೆ, ಡ್ರಮ್ ಆ್ಯಂಡ್ ಬಾಸ್ 170ರ ಆಸುಪಾಸು. 170ಕ್ಕೆ ಪ್ರತಿ ಬೀಟಿಗೂ ಜಿಗಿಯಲು ಹೋದರೆ ಇಪ್ಪತ್ತು ನಿಮಿಷಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಬೀಟಿಗೆ ಒಂದು ಹೆಜ್ಜೆ ಇಡಿ, ತಾನಾಗಿ 85 ಆಗುತ್ತದೆ. ರಾತ್ರಿಯಿಡೀ ಕುಣಿಯುವ ಹಳಬರನ್ನು ಗಮನಿಸಿ, ಅವರು ಹೆಚ್ಚು ಹೊತ್ತು ಬರೀ ತೂಗುತ್ತಿರುತ್ತಾರೆ. ಜಿಗಿಯುವುದು ಬೇಕಾದಾಗ ಮಾತ್ರ.

ಫೋನ್ ಎತ್ತಿ ವೀಡಿಯೊ ಮಾಡುವುದನ್ನು ಮೊದಲ ಅರ್ಧ ಗಂಟೆಯಲ್ಲಿ ಮುಗಿಸಿ. ಆ ವೀಡಿಯೊಗಳನ್ನು ನಾನಂತೂ ಒಂದು ಸಲವೂ ತಿರುಗಿ ನೋಡಿಲ್ಲ.

ಮಿಂಚುವ ಸ್ಟ್ರೋಬ್ ಲೈಟಿನ ಬಗ್ಗೆ ಒಂದು ಮಾತು. ಬೆಳಕಿನಿಂದ ಮೂರ್ಛೆ ಬರುವ ಸ್ವಭಾವ ಕೆಲವರಿಗಿದೆ. ಸೆಕೆಂಡಿಗೆ 3ರಿಂದ 30 ಸಲ ಮಿಂಚುವ ಬೆಳಕು ಅವರಿಗೆ ಅಪಾಯ. ತಲೆ ಒಂಥರಾ ಆಗತೊಡಗಿದರೆ ಕಣ್ಣು ಮುಚ್ಚಿಕೊಳ್ಳುವುದು ಸಾಲದು, ಮುಚ್ಚಿದ ರೆಪ್ಪೆ ದಾಟಿಯೂ ಬೆಳಕು ಬರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಬೆಳಕಿಗೆ ಬೆನ್ನು ಮಾಡಿ ಹೊರಗೆ ನಡೆಯಿರಿ.

ನೀರು ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ

1990ರ ದಶಕದಲ್ಲಿ ಬ್ರಿಟನ್‌ನ ಕೆಲವು ಕ್ಲಬ್ಬುಗಳು ಬಾಟಲಿ ನೀರು ಮಾರುವ ಆಸೆಗೆ ಟಾಯ್ಲೆಟ್ಟಿನ ನಲ್ಲಿಗಳನ್ನೇ ಬಂದ್ ಮಾಡುತ್ತಿದ್ದವಂತೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಮದ್ಯ ಕೊಡುವ ಜಾಗಗಳು ಕೇಳಿದವರಿಗೆ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು ಅನ್ನುವ ನಿಯಮ ಬಂದದ್ದು 2010ರಲ್ಲಿ. ನೀವು ಹೋಗುವ ಕಡೆ ನೀರು ಪುಕ್ಕಟೆ ಸಿಗುತ್ತದೋ ಇಲ್ಲವೋ ಮೊದಲೇ ಕೇಳಿ.

ಕುಣಿಯುತ್ತಿದ್ದರೆ ಗಂಟೆಗೆ ಅರ್ಧ ಲೀಟರ್, ಸುಮ್ಮನೆ ಕೂತಿದ್ದರೆ ಕಾಲು ಲೀಟರ್. ಗುಟುಕು ಗುಟುಕಾಗಿ. ಗಟಗಟ ಬೇಡ. ಬೆವರಲ್ಲಿ ಉಪ್ಪೂ ಹೋಗಿರುತ್ತದೆ, ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನಂಶ ಕುಸಿದು ಮಿದುಳು ಊದಿಕೊಳ್ಳುತ್ತದೆ. ಜನ ಇದರಿಂದ ಸತ್ತಿದ್ದಾರೆ. ಎಕ್ಸ್‌ಟಸಿ ಅನ್ನುವ ಅಮಲಿನ ಮಾತ್ರೆ ನುಂಗಿದವರಿಗೆ ಈ ಅಪಾಯ ಇನ್ನೂ ಜಾಸ್ತಿ, ಅದು ಮೂತ್ರ ಹೋಗದಂತೆ ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ಕಷ್ಟ ಏನೆಂದರೆ ನೀರು ಕಮ್ಮಿಯಾದರೂ ತಲೆನೋವು, ವಾಕರಿಕೆ, ಜಾಸ್ತಿಯಾದರೂ ತಲೆನೋವು, ವಾಕರಿಕೆ. ಲೀಟರುಗಟ್ಟಲೆ ಕುಡಿದ ಗೆಳತಿ ತಲೆನೋವು ಅಂದರೆ ಇನ್ನೊಂದು ಬಾಟಲಿ ಹಿಡಿಸಬೇಡಿ, ಫಸ್ಟ್ ಏಡ್‌ಗೆ ಕರೆದುಕೊಂಡು ಹೋಗಿ. ನಾನು ನಡುರಾತ್ರಿ ಒಂದು ಸಲ ಓಆರ್‌ಎಸ್ ಕಲಸಿ ಕುಡಿಯುತ್ತೇನೆ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ.

ಮೈ ಕಾದರೂ ಅಷ್ಟೇ ಅಪಾಯ. ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡುವಾಗ ಮೈಗೂ ಬಿಡುವಾಗುತ್ತದೆ. ಟೋಪಿ ತೆಗೆಯಿರಿ, ಕತ್ತಿಗೆ ನೀರು ಹಚ್ಚಿಕೊಳ್ಳಿ. ಯಾರಾದರೂ ಕೆಂಡದ ಹಾಗೆ ಸುಡುತ್ತಿದ್ದು, ಸಂಬಂಧವಿಲ್ಲದ ಮಾತಾಡುತ್ತಿದ್ದರೆ, ಕಾಲು ತೊಡರುತ್ತಿದ್ದರೆ ಅದು ಬರೀ ಸುಸ್ತಲ್ಲ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. ಒಬ್ಬರು ಸಹಾಯ ಕರೆಯಲು ಓಡಲಿ. ಉಳಿದವರು ತಂಪಾದ ಕಡೆ ಮಲಗಿಸಿ, ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ ಗಾಳಿ ಹಾಕಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಕುಡಿತ, ಮಾತ್ರೆ

ನಾನು ಕುಡಿದರೆ ರಾತ್ರಿಯ ಮೊದಲರ್ಧದಲ್ಲಿ ಒಂದೋ ಎರಡೋ, ನಡುವೆ ಒಂದು ಲೋಟ ನೀರು. ಮೈ ಗಂಟೆಗೆ ಸುಮಾರು ಒಂದು ಪೆಗ್ಗಿನಷ್ಟನ್ನು ಮಾತ್ರ ಅರಗಿಸುತ್ತದೆ. ಕಾಫಿಯಿಂದಾಗಲಿ ತಣ್ಣೀರಿನಿಂದಾಗಲಿ ಅದಕ್ಕೆ ವೇಗ ಬರುವುದಿಲ್ಲ. ಎನರ್ಜಿ ಡ್ರಿಂಕಿನ ಜೊತೆ ಬೆರೆಸುವುದು ಇನ್ನೂ ಕೆಟ್ಟದ್ದು. ಅಮಲು ಇಳಿಯುವುದಿಲ್ಲ, ಇಳಿದ ಹಾಗೆ ಅನ್ನಿಸುತ್ತದೆ ಅಷ್ಟೇ. ಲೋಟ ಕೈಯಲ್ಲೇ ಇರಲಿ. ಕೆಳಗಿಟ್ಟು ಕುಣಿದು ಬಂದರೆ ಅದು ನಿಮ್ಮದಲ್ಲ, ಚೆಲ್ಲಿ. ಕುಡಿದದ್ದಕ್ಕಿಂತ ಎಷ್ಟೋ ಜಾಸ್ತಿ ಅಮಲು ಸಡನ್ನಾಗಿ ಏರಿದರೆ ಯಾರೋ ಏನೋ ಬೆರೆಸಿರಬಹುದು. ಆಗ ಗೆಳತಿಯನ್ನು ಹಿಡಿದುಕೊಳ್ಳಿ, "ನಾನು ಬಿಟ್ಟು ಬರ್ತೀನಿ" ಅನ್ನುವ ಅಪರಿಚಿತರನ್ನಲ್ಲ.

ಅಮಲಿನ ಮಾತ್ರೆ, ಪುಡಿ ಇವುಗಳ ಬಗ್ಗೆ ನನ್ನ ಮಾತು: ಬೇಡ. ನೀತಿಪಾಠ ಅಲ್ಲ, ಕಾನೂನಿನ ಮಾತನ್ನೂ ಬದಿಗಿಡಿ. ಒಳಗೇನಿದೆ, ಎಷ್ಟಿದೆ ಅಂತ ಕೊಟ್ಟವನಿಗೂ ಗೊತ್ತಿರುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಜನ ತಂದುಕೊಟ್ಟ ಮಾತ್ರೆಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ವ್ಯವಸ್ಥೆ 1992ರಿಂದಲೂ ಇದೆ. ಇಷ್ಟು ವರ್ಷ ಅದು ನಡೆಯುತ್ತಿದೆ ಅಂದರೆ ಬಣ್ಣ, ಮುದ್ರೆ ನೋಡಿ ಏನೂ ತಿಳಿಯುವುದಿಲ್ಲ ಅಂತ ತಾನೇ? ಆದರೆ ನಿಮ್ಮ ಜೊತೆಯವರು ತಗೊಂಡಿದ್ದು, ಏನೋ ಎಡವಟ್ಟಾಗುತ್ತಿದ್ದರೆ, ಬೈಯಲು ನಾಳೆ ಇದೆ. ಈಗ ಫಸ್ಟ್ ಏಡ್‌ನವರಿಗೆ ಏನು, ಎಷ್ಟು, ಎಷ್ಟು ಹೊತ್ತಿಗೆ ಅನ್ನುವುದನ್ನು ಮುಚ್ಚಿಡದೆ ಹೇಳಿ. ಭಯಕ್ಕೆ ಸುಳ್ಳು ಹೇಳಿದರೆ ಅವರು ತಪ್ಪು ದಾರಿಯಲ್ಲಿ ಹುಡುಕುತ್ತಾ ಹೊತ್ತು ಕಳೆಯುತ್ತಾರೆ.

"ಮಲಗಲಿ ಬಿಡು, ಬೆಳಿಗ್ಗೆಗೆ ಸರಿಹೋಗುತ್ತೆ." ಈ ಮಾತು ಯಾರ ಬಾಯಲ್ಲಾದರೂ ಬಂದರೆ ಕೇಳಬೇಡಿ. ಅಲುಗಿಸಿದರೂ ಏಳದ, ಆದರೆ ಉಸಿರಾಡುತ್ತಿರುವವರನ್ನು ಅಂಗಾತ ಬಿಡಬಾರದು. ವಾಂತಿ ಬಂದರೆ ಅದು ಉಸಿರಿನ ಕೊಳವೆಗೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸುವುದನ್ನು ಮನೆಯಲ್ಲೇ ಒಂದು ಸಲ ಕಲಿತುಕೊಳ್ಳಿ. ನಿಮ್ಮ ಕಡೆಯ ಕೈಯನ್ನು ಅಡ್ಡಕ್ಕೆ ಚಾಚಿ. ಆ ಕಡೆಯ ಕೈಯನ್ನು ತಂದು ಅಂಗೈ ಹಿಂಭಾಗ ಕೆನ್ನೆಗೆ ತಾಗುವಂತೆ ಇಡಿ. ಆ ಕಡೆಯ ಮಂಡಿಯನ್ನು ಮಡಚಿ, ಅದನ್ನೇ ಹಿಡಿಕೆ ಮಾಡಿಕೊಂಡು ನಿಮ್ಮ ಕಡೆಗೆ ಹೊರಳಿಸಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆಗಿರಲಿ. ಸಹಾಯ ಬರುವ ತನಕ ಪಕ್ಕದಲ್ಲೇ ಕೂತು ಉಸಿರನ್ನು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ ಬಂದರೆ, ತುಟಿ ನೀಲಿಯಾದರೆ ಜೀವಕ್ಕೆ ಅಪಾಯ, ಒಂದು ಕ್ಷಣವೂ ಕಾಯುವ ಹಾಗಿಲ್ಲ. ಉಸಿರೇ ನಿಂತರೆ ಎದೆ ಒತ್ತಲು ಶುರುಮಾಡಬೇಕು.

ಜನ

ಕುಣಿಯುವಾಗ ಭುಜಕ್ಕೆ ಭುಜ ತಾಗುತ್ತದೆ, ಅದು ಬೇರೆ. ಸೊಂಟಕ್ಕೆ ಕೈ ಬಂದರೆ ಅದು ಬೇರೆ. ಯಾರ ಜೊತೆಗಾದರೂ ಕುಣಿಯಬೇಕು ಅನ್ನಿಸಿದರೆ ಮುಂದೆ ಬನ್ನಿ, ಮುಖ ಕಾಣುವ ಹಾಗೆ. ಹಿಂದಿನಿಂದಲ್ಲ. ಅವರು ನಕ್ಕು ನಿಮ್ಮ ಕಡೆ ತಿರುಗಿದರೆ ಸರಿ, ಅರ್ಧ ಹೆಜ್ಜೆ ಹಿಂದೆ ಸರಿದರೂ ಅದು ಬೇಡ ಅಂತಲೇ. ಯಾರಾದರೂ ಹಿಂದೆ ಬಿದ್ದು ಕಾಡಿಸುತ್ತಿದ್ದರೆ ವಾದಕ್ಕೆ ನಿಲ್ಲದೆ ಜಾಗ ಬದಲಿಸಿ, ಮತ್ತೂ ಬಂದರೆ ಸಿಬ್ಬಂದಿಗೆ ತೋರಿಸಿ. ಬೇರೆ ಹುಡುಗಿ ಸಿಕ್ಕಿಹಾಕಿಕೊಂಡದ್ದು ಕಂಡರೆ ನಾನು ಹಳೇ ಗೆಳತಿಯ ಹಾಗೆ ನಟಿಸುತ್ತೇನೆ. "ಅಯ್ಯೋ ಇಲ್ಲಿದೀಯಾ! ಬಾರೇ, ಎಲ್ಲಿ ಹುಡುಕೋದು ನಿನ್ನ!" ಇದುವರೆಗೆ ಒಬ್ಬಳೂ "ನೀವ್ಯಾರು" ಅಂದಿಲ್ಲ.

ಇನ್ನು ನೂಕುನುಗ್ಗಲು. 2010ರ ಜುಲೈ 24ರಂದು ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಲವ್ ಪರೇಡ್ ಅನ್ನುವ ನೃತ್ಯ ಸಂಗೀತದ ಉತ್ಸವ ನಡೆದಾಗ, ಒಳಗೆ ಹೋಗುವವರೂ ಹೊರಗೆ ಬರುವವರೂ ಸುರಂಗ ದಾಟಿ ಒಂದೇ ಇಳಿಜಾರಿನಲ್ಲಿ ಎದುರುಬದುರಾದರು. 21 ಜನ ಸತ್ತರು. ಇಂಥ ಕಡೆ ಜನ ಸಾಮಾನ್ಯವಾಗಿ ಸಾಯುವುದು ತುಳಿತದಿಂದಲ್ಲ, ಎದೆ ಉಬ್ಬಿಸಲು ಜಾಗವಿಲ್ಲದೆ, ನಿಂತಲ್ಲೇ ಉಸಿರುಗಟ್ಟಿ. ಹಾಗಾಗಿ ಸುಳಿವು ಹಿಡಿಯುವುದು ಬೇಗ ಆಗಬೇಕು. ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಕಷ್ಟವಾದರೆ, ಎಲ್ಲ ಕಡೆಯಿಂದಲೂ ಮೈ ತಾಗುತ್ತಿದ್ದರೆ, ಆಗಲೇ ಹೊರಡಿ. ಗುಂಪು ನೀರಿನ ಹಾಗೆ ಅಲೆಅಲೆಯಾಗಿ ತೂಗತೊಡಗಿದರೆ ತಡವಾಗಿದೆ. ಆಗ ಬಾಕ್ಸಿಂಗ್ ಮಾಡುವವರ ಹಾಗೆ ಎರಡೂ ಕೈಯನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ. ಅಲೆಗೆ ಎದುರು ನೂಕಬೇಡಿ, ಅದರ ಜೊತೆ ಹೋಗಿ. ಅದು ತಗ್ಗಿದಾಗ ಓರೆಯಾಗಿ ಒಂದೊಂದೇ ಹೆಜ್ಜೆ ಅಂಚಿನ ಕಡೆಗೆ. ಗೋಡೆ, ಬೇಲಿಗೆ ಒತ್ತಿಹೋಗಬೇಡಿ. ಫೋನ್ ಬಿದ್ದರೆ ಬಗ್ಗಬೇಡಿ. ಪಕ್ಕದವರು ಬಿದ್ದರೆ ಮಾತ್ರ ತಕ್ಷಣ ಎತ್ತಿ.

ಬೆಳಿಗ್ಗೆ

ಕೊನೆಯ ಸೆಟ್, ಅಂದರೆ ಕೊನೆಯ ಡಿಜೆಯ ಸರದಿ, ಬಿಡಬೇಡಿ. ಅರ್ಧ ಜನ ಹೋಗಿರುತ್ತಾರೆ, ತೋರಿಕೆಗೆ ಬಂದವರೆಲ್ಲ ಖಾಲಿ. ಉಳಿದವರ ಮುಖದ ಮೇಲೆ ಬೆಳಕು ಬೀಳತೊಡಗುತ್ತದೆ. ಡಿಜೆ ತನಗೆ ಇಷ್ಟವಾದ್ದನ್ನು ನುಡಿಸುತ್ತಿರುತ್ತಾರೆ. ಹೆಸರು ಗೊತ್ತಿಲ್ಲದವರು ನೀರಿನ ಬಾಟಲಿ ಚಾಚುತ್ತಾರೆ (ಮುಚ್ಚಳ ಒಡೆಯದ್ದಾದರೆ ತಗೊಳ್ಳಿ). ಇದಕ್ಕಾಗಿಯೇ ನಾನು ಮಧ್ಯಾಹ್ನ ಮಲಗುವುದು.

ಮುಗಿದ ಮೇಲೆ ಜೋಡಿಗಳನ್ನು ಎಣಿಸಿ ಗೇಟ್ ದಾಟಿ. ಮನೆ ತಲುಪಿದ ಮೇಲೆ ಎಲ್ಲರೂ ಗುಂಪಿಗೆ "ತಲುಪಿದೆ" ಅಂತ ಒಂದು ಮೆಸೇಜ್ ಹಾಕಬೇಕು, ಹಾಕದೆ ಯಾರೂ ಮಲಗುವ ಹಾಗಿಲ್ಲ. ಏನಾದರೂ ತಿನ್ನಿ, ಕಾಲು ತೊಳೆಯಿರಿ, ಪರದೆ ಎಳೆಯಿರಿ. ಮರುದಿನ ಕಾರಣವಿಲ್ಲದೆ ಮನಸ್ಸು ಮಂಕಾಗಿರುತ್ತದೆ. ನಿದ್ದೆಗೆಟ್ಟದ್ದಕ್ಕೆ ಅದು. ಆ ದಿನ ಯಾರ ಜೊತೆಯೂ ಜಗಳ ತೆಗೆಯಬೇಡಿ, ಕೆಲಸ ಬಿಡುವ ಪತ್ರ ಬರೆಯಬೇಡಿ.

ಕಿವಿ ಗುಂಯ್ ಅನ್ನುತ್ತಿದ್ದರೆ ಒಂದೆರಡು ದಿನ ಹೆಡ್‌ಫೋನ್ ಮುಟ್ಟದೆ ಸದ್ದಿಲ್ಲದ ಕಡೆ ಇರಿ. ಎರಡು ದಿನ ಕಳೆದೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಮಂದವಾಗಿದೆ ಅನ್ನಿಸಿದರೆ ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ. ಬೇಗ ಹೋದರೆ ಕೆಲವೊಮ್ಮೆ ಮಾಡುವಂಥದ್ದು ಏನಾದರೂ ಇರುತ್ತದೆ. ನಾನು ಹೋಗಿದ್ದು ಎಂಟು ತಿಂಗಳಾದ ಮೇಲೆ.